ಮಾಳಿಗೆ ಯಾವುದು, ಮಳೆ ಯಾವುದು: ಶರೀಫರ ತತ್ತ್ವಪದಕ್ಕೆ ಅರ್ಥ ಹಚ್ಚುವ ಕ್ರಮ

ಶಿಶುನಾಳ ಶರೀಫರ ಪದಗಳನ್ನು ಹಾಡುವವರು, ಅದರಲ್ಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾ ಕಡೆಯ ಭಜನಾ ಮಂಡಳಿಯವರು ಮತ್ತು ಸುಗಮ ಸಂಗೀತದ ತರಗತಿಗೆ ಹೋಗುವವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಧಾಟಿ ಬಂತು, ಸಾಹಿತ್ಯ ಬಾಯಿಪಾಠವಾಯಿತು, ಆದರೆ ಇದರ ಅರ್ಥವೇನು? ಒಬ್ಬರು ದೇಹ ಎನ್ನುತ್ತಾರೆ, ಇನ್ನೊಬ್ಬರು ಸಂಸಾರ ಎನ್ನುತ್ತಾರೆ, ಮತ್ತೊಬ್ಬರು ಯೋಗದಲ್ಲಿ ಹೇಳುವ ಕುಂಡಲಿನಿ ಶಕ್ತಿ ಎನ್ನುತ್ತಾರೆ. ಎಲ್ಲರೂ ಅಷ್ಟೇ ಖಚಿತವಾಗಿ ಹೇಳುವುದರಿಂದ ಕೇಳಿದವರ ಗೊಂದಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಈ ಲೇಖನದಲ್ಲಿ ಅಂತಿಮ ಅರ್ಥವನ್ನು ಹೇಳುವುದಿಲ್ಲ. ನೀವೇ ಕುಳಿತು ಅರ್ಥ ಬಿಡಿಸಿಕೊಳ್ಳುವ ಕ್ರಮವನ್ನು ಹೇಳುತ್ತೇನೆ. ಆ ಕ್ರಮದ ಹಿಂದೆ ಒಂದೇ ನಂಬಿಕೆಯಿದೆ: ಪದದ ಹೊರಗಿನ ಚಿತ್ರ ಪೂರ್ತಿ ಸ್ಪಷ್ಟವಾಗುವ ಮೊದಲು ಒಳಗಿನ ಅರ್ಥಕ್ಕೆ ಕೈ ಹಾಕಬಾರದು.

ಉದಾಹರಣೆಗೆ ಎಲ್ಲರಿಗೂ ಪರಿಚಿತವಾದ ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ಪದವನ್ನು ಎತ್ತಿಕೊಂಡಿದ್ದೇನೆ. ಕೊನೆಯಲ್ಲಿ ‘ಕೋಡಗನ ಕೋಳಿ ನುಂಗಿತ್ತ’ ಎಂಬುದರತ್ತಲೂ ಬರುತ್ತೇನೆ.

ಮೊದಲು ತಿಳಿದಿರಬೇಕಾದ ಕೆಲವು ಮಾತುಗಳು

ಶರೀಫರ ಕಾಲ 1819ರಿಂದ 1889. ಅವರ ಊರು ಶಿಶುವಿನಾಳ, ನಮ್ಮ ಮುಂಡಗೋಡ ದಾಟಿದರೆ ಸಿಗುವ ಶಿಗ್ಗಾಂವಿ ತಾಲೂಕಿನಲ್ಲಿದೆ. ಈಗ ಅದು ಹಾವೇರಿ ಜಿಲ್ಲೆಗೆ ಸೇರಿದೆ. ಗುರುಗಳು ಕಳಸದ ಗೋವಿಂದಭಟ್ಟರು. ಪದ ಕಟ್ಟಿದವರೂ ಹಾಡಿದವರೂ ಶರೀಫರೇ ಆದ್ದರಿಂದ, ಇಲ್ಲಿ ಸಾಹಿತ್ಯವನ್ನೂ ಧಾಟಿಯನ್ನೂ ಬೇರೆ ಬೇರೆಯಾಗಿ ನೋಡುವುದು ಅಷ್ಟು ಸರಿಯಲ್ಲ.

ತತ್ತ್ವಪದವೆಂದರೆ ಸಾಧನೆಯ ಅನುಭವವನ್ನು ಮನೆ, ಹೊಲ, ಮಗ್ಗ, ಸಂತೆಗಳಂಥ ದಿನಬಳಕೆಯ ಚಿತ್ರಗಳಲ್ಲಿ ಇಟ್ಟು ಹೇಳುವ ಹಾಡು. ಒಗಟಿನಂತೆ ಅರ್ಥವನ್ನು ಮರೆಸಿಟ್ಟು ಹೇಳುವ ವಚನಕಾರರ ಬೆಡಗಿನ ವಚನ, ಹರಿದಾಸರ ಮುಂಡಿಗೆ ಇದರ ಹತ್ತಿರದ ನೆಂಟರು. ಕೊನೆಯ ನುಡಿಯಲ್ಲಿ ಬರುವ ಗುರುತಿನ ಹೆಸರಿಗೆ ಅಂಕಿತ ಎನ್ನುತ್ತಾರೆ. ಶರೀಫರ ಅಂಕಿತ ‘ಶಿಶುನಾಳಾಧೀಶ’, ಅಂದರೆ ಶಿಶುನಾಳದ ಒಡೆಯ. ಅದು ಅವರ ಸ್ವಂತ ಹೆಸರಲ್ಲ, ದೇವರ ಹೆಸರು. ಒಂದೇ ಸಾಲು ಬೇರೆ ಬೇರೆ ಬಾಯಲ್ಲಿ, ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಇರುವುದನ್ನು ಪಾಠಾಂತರ ಎನ್ನುತ್ತಾರೆ. ಪದ್ಯದ ಶಬ್ದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸಿಕೊಳ್ಳುವುದು ಅನ್ವಯ. ಇದನ್ನು ಶಾಲೆಯಲ್ಲಿ ಮಾಡಿಯೇ ಇರುತ್ತೀರಿ.

ಬೇಕಾಗುವ ಸಾಮಗ್ರಿ

ಒಂದು ನೋಟುಬುಕ್ಕು, ಪದದ ಎರಡು ಬೇರೆ ಬೇರೆ ಮುದ್ರಿತ ಪಾಠಗಳು, ಇಬ್ಬರು ಬೇರೆ ಬೇರೆ ಗಾಯಕರ ಹಾಡಿಕೆ, ಒಂದು ಪಂಚಾಂಗ ಮತ್ತು ಒಂದು ಒಳ್ಳೆಯ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ದೊಡ್ಡ ಗ್ರಂಥಾಲಯದಲ್ಲಿ ಸಿಗುತ್ತದೆ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರದು, ಎಂದರೆ ಶರೀಫರು ತೀರಿಕೊಂಡು ಐದು ವರ್ಷಕ್ಕೆ ಬಂದದ್ದು. ಆ ಕಾಲದ ಶಬ್ದ ಆ ಕಾಲದಲ್ಲಿ ಏನನ್ನು ಹೇಳುತ್ತಿತ್ತು ಎಂಬುದಕ್ಕೆ ಅದು ಹತ್ತಿರದ ಸಾಕ್ಷಿ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವವರು ಹಾನಗಲ್ಲು, ಶಿಗ್ಗಾಂವಿ ಅಥವಾ ಮುಂಡಗೋಡದ ಪೂರ್ವ ಭಾಗದ ವಯಸ್ಸಾದ ರೈತರು. ಶಿರಸಿಯ ಪೇಟೆಗೆ ಅವರು ಬರುತ್ತಲೇ ಇರುತ್ತಾರೆ; ಮಾತನಾಡಿಸುವುದಕ್ಕೆ ಸಂಕೋಚ ಬೇಡ.

1. ಪಾಠವನ್ನು ಗೊತ್ತುಮಾಡಿಕೊಳ್ಳಿ

ಶರೀಫರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದು ಆಮೇಲೆ ಅಚ್ಚಾದವು. ಆದ್ದರಿಂದ ‘ಮನಿಯ’ ಎಂದು ಒಂದು ಕಡೆ, ‘ಮನೆಯ’ ಎಂದು ಇನ್ನೊಂದು ಕಡೆ ಕಂಡರೆ ಗಾಬರಿಯಾಗಬೇಕಿಲ್ಲ. ಅಂಥವು ಉಚ್ಚಾರದ ವ್ಯತ್ಯಾಸಗಳು. ಅರ್ಥವನ್ನೇ ಬದಲಿಸುವ ವ್ಯತ್ಯಾಸಗಳನ್ನು ಮಾತ್ರ ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಳ್ಳಿ.

ಇಲ್ಲಿನ ದೊಡ್ಡ ಅಪಾಯವೆಂದರೆ ಕಿವಿಯನ್ನೇ ನಂಬಿ ಬರೆದುಕೊಳ್ಳುವುದು. ‘ದಾರುಗಟ್ಟಿ ಮಾಳ್ಪರಿಲ್ಲ’ ಎಂಬ ಸಾಲನ್ನು ತೆಗೆದುಕೊಳ್ಳಿ. ಕಾರವಾರದ ಕಡೆ ಕೊಂಕಣಿ, ಮರಾಠಿ ಕೇಳಿ ಬೆಳೆದವರಿಗೆ ‘ದಾರು’ ಎಂದೊಡನೆ ನೆನಪಾಗುವುದು ಕುಡಿಯುವ ವಸ್ತು. (ಗೋವೆಯ ಗಡಿ ಅಷ್ಟು ಹತ್ತಿರವಿರುವಾಗ ಕಿವಿಯನ್ನು ದೂರಿ ಫಲವಿಲ್ಲ.) ಇಲ್ಲಿ ಅದು ಸಂಸ್ಕೃತದ ದಾರು, ಅಂದರೆ ಮರ. ‘ಮಾಳ್ಪರ್’ ಎಂಬುದು ‘ಮಾಡುವವರು’ ಎಂಬುದರ ಹಳೆಯ ರೂಪ. ಮರದ ಭಾಗವನ್ನು ಗಟ್ಟಿ ಮಾಡುವವರು ಯಾರೂ ಇಲ್ಲ ಎಂಬುದಷ್ಟೇ ಸಾಲಿನ ಹುರುಳು. ‘ಮಾಳಿಗಿ’ ಎಂಬ ಆಡುಮಾತಿನ ರೂಪವೂ ‘ಮಾಳ್ಪರ್’ ಎಂಬ ಗ್ರಂಥಸ್ಥ ರೂಪವೂ ಒಂದೇ ಪದದಲ್ಲಿ ಒಟ್ಟಿಗೆ ಕೂತಿರುವುದನ್ನು ಗಮನಿಸಿ. ಶರೀಫರು ಬರೀ ಹಳ್ಳಿಯ ಮಾತಿನಲ್ಲಿ ಹಾಡಿದವರು ಎಂಬ ಕಲ್ಪನೆ ಇಲ್ಲಿಗೇ ಮುಗಿಯುತ್ತದೆ.

2. ಪ್ರತಿ ಸಾಲನ್ನೂ ಅನ್ವಯ ಮಾಡಿ

ಒಂದೊಂದು ಸಾಲಿಗೂ ಯಾರು, ಯಾರನ್ನು, ಏನು ಮಾಡಿದರು ಎಂದು ಗದ್ಯದಲ್ಲಿ ಬರೆಯಿರಿ. ನೀರಸ ಕೆಲಸ, ಆದರೆ ಅರ್ಧ ಗೊಂದಲ ಇಲ್ಲಿಯೇ ಕಳೆಯುತ್ತದೆ. ‘ಕೋಡಗನ ಕೋಳಿ ನುಂಗಿತ್ತ’ ಎಂಬಲ್ಲಿ ‘ಕೋಡಗನ’ ಎಂಬುದು ‘ಕೋಡಗನನ್ನು’ ಎಂಬುದರ ಹಳೆಯ ಬಗೆ. ಕೋಡಗ ಎಂದರೆ ಮಂಗ. ಮಂಗನ ಒಡೆತನದ ಕೋಳಿ ಎಂದು ತಿಳಿದು ಹಾಡುವವರು ಈಗಲೂ ಇದ್ದಾರೆ. ‘ಗೋಡೆ ಸುಣ್ಣವ ನುಂಗಿ’ ಎಂಬಲ್ಲಿಯೂ ಹಾಗೆಯೇ, ‘ಸುಣ್ಣವ’ ಎಂದರೆ ‘ಸುಣ್ಣವನ್ನು’.

ನಮ್ಮ ಕಡೆಯವರು ಎಚ್ಚರವಾಗಿರಬೇಕಾದ ಒಂದು ಶಬ್ದ ‘ಎಂತೊ’. ಶಿರಸಿಯ ಮನೆಗಳಲ್ಲಿ ‘ಎಂತ’ ಎಂದರೆ ‘ಏನು’. ಆ ಅಭ್ಯಾಸದಿಂದ ‘ಎಂತೊ ಶಿಶುನಾಳಾಧೀಶ’ ಎಂಬುದನ್ನು ‘ಏನೋ’ ಎಂದು ತೇಲಿಸಿಬಿಡುತ್ತೇವೆ. ಇಲ್ಲಿ ಅದು ‘ಹೇಗೋ’ ಎಂಬ ಅರ್ಥದ್ದು. ಈ ಚಿಕ್ಕ ಶಬ್ದಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

3. ಹೊರಗಿನ ಚಿತ್ರವನ್ನು ಆ ಊರಿನ ಕಣ್ಣಿನಿಂದ ಕಟ್ಟಿಕೊಳ್ಳಿ

ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ, ಮತ್ತು ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ.

ಮಾಳಿಗೆ ಎಂದಾಗ ಕರಾವಳಿಯವರ ಮತ್ತು ಘಟ್ಟದ ಮೇಲಿನವರ ಕಣ್ಣಿಗೆ ಬರುವುದು ಮನೆಯ ಮೇಲಂತಸ್ತು ಅಥವಾ ಅಟ್ಟ. ಅದರ ಮೇಲೆ ಇಳಿಜಾರಾದ ಹೆಂಚಿನ ಮಾಡು. ನಮ್ಮಲ್ಲಿ ಮನೆ ಸೋರಿತೆಂದರೆ ಹೆಂಚು ಜಾರಿದೆ ಅಥವಾ ಒಡೆದಿದೆ ಎಂದರ್ಥ. ಒಳಗಿನಿಂದ ಅಟ್ಟ ಹತ್ತಿ ಹೆಂಚು ಸರಿಸಿದರೆ ಆಗಿಂದಾಗಿನ ಕೆಲಸ ಮುಗಿಯುತ್ತದೆ. ಈ ಚಿತ್ರವನ್ನು ಇಟ್ಟುಕೊಂಡು ಪದವನ್ನು ಓದಿದರೆ ಎರಡನೆಯ ನುಡಿಯಲ್ಲಿಯೇ ಅದು ಕುಸಿಯುತ್ತದೆ. ‘ಕರಕಿ ಹುಲ್ಲು ಕಸವು ಹತ್ತಿ’ ಎಂದಿದೆ; ಹೆಂಚಿನ ಮೇಲೆ ಕರಕಿ, ಅಂದರೆ ಗರಿಕೆ, ಬೆಳೆಯುವುದು ಹೇಗೆ? ‘ಇರುವೆ ಮುತ್ತಿ’ ಎಂದಿದೆ. ‘ಜಲದ ಭರದಿ ತಿಳಿಯ ಮಣ್ಣು’ ಎಂದಿದೆ. ಮಣ್ಣು ಎಲ್ಲಿಂದ ಬಂತು?

ಬಯಲುಸೀಮೆಯ ಹಳೆಯ ಮನೆಗಳ ಮಾಳಿಗೆ ಚಪ್ಪಟೆಯಾದ ಮಣ್ಣಿನ ಛಾವಣಿ. ಗೋಡೆಯಿಂದ ಗೋಡೆಗೆ ದಪ್ಪ ತೊಲೆಗಳು, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಜಂತಿಯ ಮೇಲೆ ಕಡ್ಡಿ ಚಕ್ಕೆಗಳ ಹಾಸು, ಅದರ ಮೇಲೆ ಮಣ್ಣು ಹರಡಿ ನೀರು ಚಿಮುಕಿಸಿ ಬಡಿದು ಗಟ್ಟಿ ಮಾಡಿರುತ್ತಾರೆ. ಮಳೆಗಾಲಕ್ಕೆ ಮೊದಲು ಯಾರಾದರೂ ಮೇಲೆ ಹತ್ತಿ ಹುಲ್ಲು ಕಿತ್ತು, ಇರುವೆ ಗೂಡು ಮುಚ್ಚಿ, ಹೊಸ ಮಣ್ಣು ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೆ ಗರಿಕೆಯ ಬೇರು ಮಣ್ಣನ್ನು ಬಿರುಕು ಬಿಡಿಸುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ನೀರು ಇಳಿದಲ್ಲಿ ಜಂತಿಗೆ ಹುಳು ಹಿಡಿಯುತ್ತದೆ. ಪದದಲ್ಲಿ ಇರುವುದು ಇದೇ ಸರಣಿ. ‘ಮುರುಕು ತೊಲೆಯು ಹುಳಕು ಜಂತಿ’ ಎಂಬುದು ಕವಿಯ ಅಲಂಕಾರವಲ್ಲ, ಮನೆಯ ಒಡೆಯನು ತಲೆ ಎತ್ತಿ ನೋಡಿ ಹೇಳುವ ವರದಿ. ‘ಮೇಲಕೇರಿ ಹೋಗಲಾರೆ’ ಎಂಬ ಅಳಲಿಗೂ ಆಗ ಅರ್ಥ ಬರುತ್ತದೆ. ಇಂಥ ಮಾಳಿಗೆಯನ್ನು ಒಳಗಿನಿಂದ ದುರಸ್ತಿ ಮಾಡಲಾಗುವುದಿಲ್ಲ. ಮಳೆಯಲ್ಲಿ, ಕತ್ತಲೆಯಲ್ಲಿ, ಕೊಳೆತ ಜಂತಿಯ ಮೇಲೆ ಕಾಲಿಟ್ಟು ಹತ್ತಲೇಬೇಕು, ಹತ್ತಿದರೆ ಕುಸಿಯುವ ಭಯ.

ಇನ್ನು ಪದದ ಕೊನೆಯ ನುಡಿಯಲ್ಲಿ ಬರುವ ‘ಹುಬ್ಬಿ ಮಳೆ’. ಮಳೆ ನಕ್ಷತ್ರಗಳ ಲೆಕ್ಕ ನಮ್ಮ ಅಡಿಕೆ ತೋಟದವರಿಗೂ ಗದ್ದೆಯವರಿಗೂ ಹೊಸದಲ್ಲ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಆದಮೇಲೆ ಹುಬ್ಬಾ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನತನಕ ಅದರ ಅವಧಿ. ನಮ್ಮಲ್ಲಿ ಆ ಹೊತ್ತಿಗೆ ಮಳೆಯ ದೊಡ್ಡ ಅಬ್ಬರ ತಗ್ಗಿರುತ್ತದೆ, ಆದ್ದರಿಂದ ಆ ಹೆಸರು ನಮ್ಮಲ್ಲಿ ಹೆದರಿಕೆ ಹುಟ್ಟಿಸುವುದಿಲ್ಲ. ಶಿಗ್ಗಾಂವಿಯ ಮಣ್ಣಿನ ಮಾಳಿಗೆಗೆ ಅದು ಬೇರೆಯೇ ಸುದ್ದಿ. ಮೂರು ತಿಂಗಳ ಮಳೆಗೆ ನೆನೆದು ಭಾರವಾದ ಮಣ್ಣಿನ ಮೇಲೆ ಬೀಳುವ ಮಳೆ ಅದು. ದುರಸ್ತಿಯ ಕಾಲ ಎಂದೋ ದಾಟಿದೆ. ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಳ್ಳಿ ಎಂದು ಹೇಳುವುದು ಇಂಥ ಕಾರಣಕ್ಕೇ.

4. ಸೂಚಕ ಶಬ್ದಗಳಿಗೆ ಅಡಿಗೆರೆ ಎಳೆಯಿರಿ

ಹೊರಗಿನ ಚಿತ್ರಕ್ಕೆ ಹೊಂದದ, ಒಳ ಅರ್ಥವಿದೆ ಎಂದು ಪದವೇ ಹೇಳಿಕೊಡುವ ಶಬ್ದಗಳನ್ನು ಸೂಚಕ ಶಬ್ದ ಎನ್ನೋಣ. ಈ ಪದದಲ್ಲಿ ಪಲ್ಲವಿಯಲ್ಲಿಯೇ ‘ಅಜ್ಞಾನದಿಂದ’ ಇದೆ, ಮುಂದೆ ‘ದುರಿತ ಭವದಿ’, ಅಂದರೆ ಪಾಪದ ಸಂಸಾರದಲ್ಲಿ, ಎಂದಿದೆ. ಯಾವ ಮಾಳಿಗೆಯೂ ಅಜ್ಞಾನದಿಂದ ಸೋರುವುದಿಲ್ಲ. ಆದ್ದರಿಂದ ಮನೆ ಬರೀ ಮನೆಯಲ್ಲ ಎಂಬುದಕ್ಕೆ ಪದದಲ್ಲಿಯೇ ಆಧಾರವಿದೆ. ನಾವು ತಂದು ಅಂಟಿಸಿದ್ದಲ್ಲ.

ಇಲ್ಲಿಂದ ಮುಂದೆ ಒಂದು ಪ್ರಲೋಭನೆ ಕಾದಿರುತ್ತದೆ. ಮನೆ ದೇಹವಾದರೆ ತೊಲೆ ಬೆನ್ನುಹುರಿ, ಜಂತಿ ಪಕ್ಕೆಲುಬು, ಇರುವೆ ಇಂದ್ರಿಯ, ಕರಕಿ ಕೂದಲು ಎಂದು ಪಟ್ಟಿ ಮಾಡುತ್ತಾ ಹೋಗುವುದು. ದಯವಿಟ್ಟು ಮಾಡಬೇಡಿ. ಸೂಚಕ ಶಬ್ದಗಳು ಇಡೀ ಮನೆಯನ್ನು ಬದುಕಿಗೆ ಹೋಲಿಸಲು ಅನುಮತಿ ಕೊಡುತ್ತವೆಯೇ ಹೊರತು, ಮನೆಯ ಒಂದೊಂದು ಕೀಲಿಗೂ ದೇಹದ ಒಂದೊಂದು ಅಂಗವನ್ನು ಜೋಡಿಸಲು ಅಲ್ಲ. ‘ಮೇಲಕೇರಿ’ ಎಂಬುದು ಇದಕ್ಕೆ ಅಪವಾದವಾಗಬಹುದು. ಯೋಗದ ಪರಿಭಾಷೆಯಲ್ಲಿ ಶಕ್ತಿ ಕೆಳಗಿನ ಚಕ್ರದಿಂದ ನೆತ್ತಿಯ ಸಹಸ್ರಾರಕ್ಕೆ ಏರುವುದೇ ಸಾಧನೆ, ಅದನ್ನೇ ಕುಂಡಲಿನಿ ಏರುವುದು ಎನ್ನುತ್ತಾರೆ. ತತ್ತ್ವಪದಗಳಲ್ಲಿ ಈ ಪರಿಭಾಷೆ ಬಳಕೆಯಲ್ಲಿದ್ದದ್ದು. ಹೀಗೆ ಒಂದು ಸಂಪ್ರದಾಯದಲ್ಲಿ ಬೇರೂರಿದ ಹೋಲಿಕೆಯನ್ನು ಒಪ್ಪಬಹುದು. ಸಂಜೆ ಕುಳಿತಲ್ಲಿ ಹೊಳೆದದ್ದನ್ನು ಒಪ್ಪುವ ಮೊದಲು ಇನ್ನೊಂದು ಪದದಲ್ಲಿ ಅದೇ ಹೋಲಿಕೆ ಇದೆಯೇ ಎಂದು ಹುಡುಕಿ.

ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ, ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಭಾಗವತರು ಹಾಡಿದ ನಾಲ್ಕು ಸಾಲಿಗೆ ಅರ್ಥಧಾರಿ ಅರ್ಧ ಗಂಟೆ ಅರ್ಥ ಹೇಳಿದರೆ ನಾವು ತಲೆದೂಗುತ್ತೇವೆ, ಏಕೆಂದರೆ ಅಲ್ಲಿ ಅವರು ಪಾತ್ರವಾಗಿ ಮಾತನಾಡುತ್ತಾರೆ, ಬೆಳೆಸುವುದೇ ಆ ಕಲೆ. ತತ್ತ್ವಪದವನ್ನು ಬಿಡಿಸುವವರಿಗೆ ಆ ಸಲಿಗೆ ಇಲ್ಲ. ಪದದಲ್ಲಿ ಇಲ್ಲದ್ದನ್ನು ಎಷ್ಟು ಸೊಗಸಾಗಿ ಹೇಳಿದರೂ ಅದು ನಿಮ್ಮ ಮಾತೇ ಆಗುತ್ತದೆ.

5. ಎರಡು ಅರ್ಥ ಹೊರಡುವ ಜಾಗವನ್ನು ಗುರುತಿಸಿ

ಈಗ ನಿಜವಾದ ದ್ವಂದ್ವಕ್ಕೆ ಬರೋಣ. ಈ ಪದದಲ್ಲಿ ಅಂಥ ಎರಡು ಜಾಗಗಳಿವೆ.

ಮೊದಲನೆಯದು ‘ಒಳಗೆ ಹೊರಗೆ ಏಕವಾಗಿ’. ಹೊರಗಿನ ಚಿತ್ರದಲ್ಲಿ ಇದು ಅನಾಹುತ: ಮೇಲಿನ ಮಣ್ಣು ತಿಳಿಯಾಗಿ ಒಳಗೆ ಇಳಿದು, ಅಂಗಳದ ಕೆಸರೂ ನಡುಮನೆಯ ಕೆಸರೂ ಒಂದಾಗಿದೆ. ಅನುಭಾವದ ಭಾಷೆಯಲ್ಲಿ ಅದೇ ಮಾತು ಗುರಿ ಮುಟ್ಟಿದವರ ಮಾತು: ಒಳಗೂ ಹೊರಗೂ ಒಂದೇ ಆದದ್ದು, ಭೇದ ಅಳಿದದ್ದು. ಕುಸಿತದ ತುದಿಯಲ್ಲಿ ನಿಂತವರ ಬಾಯಲ್ಲಿ ಸಿದ್ಧಿಯ ಶಬ್ದ ಬಂದಿದೆ.

ಎರಡನೆಯದು ಕೊನೆಯ ನುಡಿಯ ‘ಕಾಂತೆ ಕೇಳೆ ಕರುಣದಿಂದ ಬಂತು ಕಾಣೆ ಹುಬ್ಬಿ ಮಳೆಯು’. ‘ಕಾಣೆ’ ಎಂದರೆ ಇಲ್ಲಿ ‘ನೋಡೇ’. ‘ನನಗೆ ಕಾಣದು’ ಎಂದಲ್ಲ. ‘ಕರುಣದಿಂದ’ ಎಂಬುದನ್ನು ಹಿಂದಿನ ಮಾತಿಗೆ ಸೇರಿಸಿದರೆ, ಕಾಂತೆಯೇ, ಕರುಣೆಯಿಟ್ಟು ನನ್ನ ಮಾತು ಕೇಳು, ಹುಬ್ಬಿ ಮಳೆ ಬಂದುಬಿಟ್ಟಿತು ಎಂದಾಗುತ್ತದೆ. ಮುಂದಿನ ಮಾತಿಗೆ ಸೇರಿಸಿದರೆ, ಕಾಂತೆಯೇ ಕೇಳು, ಕರುಣೆಯಿಂದಲೇ ಹುಬ್ಬಿ ಮಳೆ ಬಂದಿದೆ ಎಂದಾಗುತ್ತದೆ. ಮೊದಲನೆಯದರಲ್ಲಿ ಮಳೆ ಸಂಕಟ, ಎರಡನೆಯದರಲ್ಲಿ ಮಳೆ ಕೃಪೆ. ವ್ಯಾಕರಣ ಎರಡನ್ನೂ ಒಪ್ಪುತ್ತದೆ.

ಇಂಥಲ್ಲಿ ಮಾಡಬೇಕಾದ ಪರೀಕ್ಷೆ ಸರಳ. ಒಂದು ಅರ್ಥವನ್ನು ಹಿಡಿದು ಪದದ ಉಳಿದ ಸಾಲುಗಳನ್ನು ಮತ್ತೆ ಓದಿ. ಅಡ್ಡ ಬರುವ ಸಾಲು ಯಾವುದು ನೋಡಿ. ಮಳೆ ಕೃಪೆ ಎಂದು ಹಿಡಿದರೆ ಪಲ್ಲವಿಯ ‘ಅಜ್ಞಾನದಿಂದ’ ಅಡ್ಡ ಬರುವಂತೆ ಕಾಣುತ್ತದೆ. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅಡ್ಡವೇನೂ ಇಲ್ಲ: ಅಜ್ಞಾನದಿಂದ ಆಗುತ್ತಿರುವುದು ಸೋರಿಕೆ, ಕರುಣೆಯಿಂದ ಬಂದದ್ದು ಮಳೆ. ಮಳೆ ಎಲ್ಲ ಮನೆಗಳ ಮೇಲೂ ಬೀಳುತ್ತದೆ. ಸೋರುವುದು ನೋಡಿಕೊಳ್ಳದ ಮನೆ ಮಾತ್ರ. ಈ ಓದು ನನಗೆ ಹೆಚ್ಚು ಹಿಡಿಸುತ್ತದೆ, ಆದರೆ ಇನ್ನೊಂದು ಓದಿನ ಮುಂದೂ ಯಾವ ಸಾಲೂ ಅಡ್ಡ ನಿಲ್ಲುವುದಿಲ್ಲ. ಆದ್ದರಿಂದ ನೋಟುಬುಕ್ಕಿನಲ್ಲಿ ಎರಡನ್ನೂ ಬರೆಯಿರಿ, ನಿಮ್ಮ ಒಲವು ಯಾವುದರ ಕಡೆಗೆ ಎಂಬುದನ್ನು ಮತ್ತು ಅದಕ್ಕೆ ಕಾರಣವನ್ನು ಪಕ್ಕದಲ್ಲಿ ಬರೆಯಿರಿ.

ಕೊನೆಯ ಸಾಲಿನ ‘ಎಂತೊ’ ಎಂಬುದಕ್ಕೆ ಈಗ ಬರಬಹುದು. ಹೇಗೋ ಶಿಶುನಾಳಾಧೀಶನು ತಾನೇ ನಿಂತು ಪೊರೆಯುತ್ತಾನೆ ಎಂದು ನಂಬಿದ್ದೇನೆ ಎಂಬುದು ಅನ್ವಯ. ಇದು ಎದೆ ತಟ್ಟಿ ಹೇಳುವ ಭಕ್ತಿಯಲ್ಲ, ಬೇರೆ ದಾರಿ ಕಾಣದವರ ನಂಬಿಕೆ. ‘ತಾನು ನಿಂತು’ ಎಂಬುದನ್ನೂ ಮನೆಕೆಲಸದ ಹಿನ್ನೆಲೆಯಲ್ಲಿ ಓದಿ. ಮನೆ ಕಟ್ಟುವಾಗ ಯಜಮಾನ ತಾನೇ ನಿಂತು ಮಾಡಿಸಿದ ಎನ್ನುತ್ತೇವಲ್ಲ, ಅದೇ ನಿಲ್ಲುವಿಕೆ. ಗಟ್ಟಿ ಮಾಡುವವರು ಯಾರೂ ಇಲ್ಲ ಎಂದು ಶುರುವಾದ ಪದಕ್ಕೆ ಇಲ್ಲಿ ಒಬ್ಬ ಸಿಕ್ಕಿದ್ದಾನೆ. ಅಂಕಿತವನ್ನು ಬರೀ ಮುದ್ರೆಯೆಂದು ದಾಟಿಹೋದರೆ ಇದು ಕಾಣುವುದಿಲ್ಲ.

6. ಜೀವನಚರಿತ್ರೆ ಮತ್ತು ಸಿನಿಮಾಗಳನ್ನು ಕೊನೆಗೆ ತನ್ನಿ

‘ಕಾಂತೆ’ ಎಂದೊಡನೆ ಶರೀಫರ ಹೆಂಡತಿ ಎಂದು ತೀರ್ಮಾನಿಸುವವರಿದ್ದಾರೆ. ತಂಗಿ, ಅವ್ವ, ಮುದುಕಿ, ಕಾಂತೆ ಎಂದು ಯಾರನ್ನಾದರೂ ಕರೆದು ಹೇಳುವುದು ತತ್ತ್ವಪದದ ರೂಢಿ. ಹಲವು ಸಲ ಆ ಹೆಣ್ಣು ಹಾಡುವವನ ಮನಸ್ಸೇ. 1990ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ಬಂದ ‘ಸಂತ ಶಿಶುನಾಳ ಶರೀಫ’ ಚಿತ್ರ ಮತ್ತು ಅದಕ್ಕೆ ಸಂಗೀತ ಕೊಟ್ಟ ಸಿ. ಅಶ್ವತ್ಥ್ ಅವರ ಹಾಡಿಕೆ ಈ ಪದಗಳನ್ನು ಮನೆಮನೆಗೆ ಮುಟ್ಟಿಸಿದವು. ಆ ಉಪಕಾರ ದೊಡ್ಡದು. ಆದರೆ ಸಿನಿಮಾ ಹಾಡಿಗೆ ಒಂದು ಸನ್ನಿವೇಶವನ್ನು ಕಟ್ಟಿಕೊಡಲೇಬೇಕು, ಕಟ್ಟಿದೊಡನೆ ಅರ್ಥ ಒಂದಕ್ಕೆ ಇಳಿಯುತ್ತದೆ. ಅರ್ಥ ಬಿಡಿಸುವಷ್ಟು ದಿನ ಆ ದೃಶ್ಯಗಳನ್ನು ನೋಡದಿರುವುದು ಒಳ್ಳೆಯದು.

7. ಹಾಡಿ ನೋಡಿ

ಕಾಗದದ ಮೇಲೆ ಎರಡೂ ಅರ್ಥ ನಿಲ್ಲುತ್ತವೆ, ಬಾಯಲ್ಲಿ ನಿಲ್ಲುವುದಿಲ್ಲ. ‘ಕಾಂತೆ ಕೇಳೆ’ ಎಂಬಲ್ಲಿ ಉಸಿರು ತೆಗೆದರೆ ಮಳೆ ಕೃಪೆಯಾಗುತ್ತದೆ, ‘ಕರುಣದಿಂದ’ ಆದಮೇಲೆ ತೆಗೆದರೆ ಸಂಕಟವಾಗುತ್ತದೆ. ತಾಳ ಎಲ್ಲಿ ನಿಲ್ಲಗೊಡುತ್ತದೆ ಎಂದು ನೋಡಿ, ಇಬ್ಬರು ಗಾಯಕರ ಹಾಡಿಕೆಯಲ್ಲಿ ಈ ಜಾಗವನ್ನು ಹೋಲಿಸಿ, ಆಮೇಲೆ ನಿಮ್ಮ ಪ್ರತಿಯಲ್ಲಿ ಉಸಿರಿನ ಗುರುತು ಹಾಕಿಕೊಳ್ಳಿ. ಮಂಡಳಿಯಲ್ಲಿ ಒಟ್ಟಿಗೆ ಹಾಡುವವರು ಇದನ್ನು ಮೊದಲೇ ಮಾತನಾಡಿಕೊಳ್ಳದಿದ್ದರೆ ಅರ್ಧ ಮಂದಿ ಒಂದು ಅರ್ಥವನ್ನೂ ಉಳಿದವರು ಇನ್ನೊಂದನ್ನೂ ಹಾಡುತ್ತಿರುತ್ತಾರೆ. ಕೇಳುವವರಿಗೆ ಅದು ತಾಳ ತಪ್ಪಿದಂತೆ ಕೇಳಿಸುತ್ತದೆ.

8. ಸೂಚಕ ಶಬ್ದವೇ ಇಲ್ಲದ ಪದ ಬಂದರೆ

‘ಕೋಡಗನ ಕೋಳಿ ನುಂಗಿತ್ತ’ ಅಂಥದು. ಕೊನೆಯ ಸಾಲಿನ ತನಕ ಅಜ್ಞಾನ, ಭವ ಎಂಬ ಯಾವ ಮಾತೂ ಇಲ್ಲ, ನುಂಗಾಟ ಮಾತ್ರ. ಇಂಥವನ್ನು ಕೊನೆಯಿಂದ ಮೊದಲಿಗೆ ಓದಬೇಕು. ‘ಗೋವಿಂದ ಗುರುವಿನ ಪಾದ ನನ್ನನೇ ನುಂಗಿತ್ತ’ ಎಂಬುದು ಕೊನೆ. ನುಂಗುವುದು ಎಂದರೆ ಇಲ್ಲಿ ನಾಶವೋ ಲಯವೋ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಹಿಂದಕ್ಕೆ ಬನ್ನಿ. ನುಂಗಿದ್ದೆಲ್ಲ ಅಸಂಭವವೇನಲ್ಲ ಎಂಬುದು ಆಗ ಕಾಣುತ್ತದೆ. ಗೋಡೆ ಸುಣ್ಣವನ್ನು ಕುಡಿಯುವುದು ದೀಪಾವಳಿಗೆ ಮೊದಲು ನಾವೆಲ್ಲ ನೋಡುವ ಸಂಗತಿ. ‘ಮಗ್ಗದಲ್ಲಿರುವ ಅಣ್ಣನನ್ನೇ ಕುಣಿಯು ನುಂಗಿತ್ತ’ ಎಂಬುದು ಇನ್ನೂ ಗಹನವಾದದ್ದು. ಹಳೆಯ ಕೈಮಗ್ಗದ ಮುಂದೆ ನೇಕಾರ ಕಾಲು ಇಳಿಬಿಟ್ಟು ಕೂರುವುದಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ದೂರದಿಂದ ನೋಡಿದರೆ ಅರ್ಧ ಮನುಷ್ಯನನ್ನು ನೆಲ ನುಂಗಿದಂತೆಯೇ ಕಾಣುತ್ತದೆ. ಹೆಣ ಹೂಳುವ ಗುಂಡಿಯೂ ಕುಣಿಯೇ. ದುಡಿಯುವ ಜಾಗವೂ ಮಣ್ಣಾಗುವ ಜಾಗವೂ ಒಂದೇ ಶಬ್ದದಲ್ಲಿ ಕೂತಿವೆ, ಪದ ಅದನ್ನು ಬಿಡಿಸಿ ಹೇಳುವುದಿಲ್ಲ. ಮೂರನೆಯ ಹಂತದ ಕೆಲಸ, ಅಂದರೆ ಕುಣಿಮಗ್ಗದ ಚಿತ್ರ, ಕೈಯಲ್ಲಿ ಇಲ್ಲದವರು ಇಲ್ಲಿ ನೇರವಾಗಿ ಸಾವಿಗೆ ಹಾರುತ್ತಾರೆ. ಆ ಸಾಲಿನ ನಗು ಅವರಿಗೆ ಸಿಗುವುದೇ ಇಲ್ಲ.

ಹೊಸದಾಗಿ ಶುರುಮಾಡುವವರು ಮಾಳಿಗೆಯ ಪದವನ್ನೇ ಮೊದಲು ಎತ್ತಿಕೊಳ್ಳಿ, ಏಕೆಂದರೆ ಅದರಲ್ಲಿ ಸೂಚಕ ಶಬ್ದಗಳು ಬೇಕಾದಷ್ಟಿವೆ. ಅದು ಮುಗಿದ ಮೇಲೆ ‘ಬಿದ್ದೀಯಬೇ ಮುದುಕಿ’. ಅದರ ಮಾತು ಪೂರ್ತಿ ಆ ಕಡೆಯದು, ಮುದುಕಿ ಯಾರೆಂಬುದರ ಬಗ್ಗೆ ಒಳ್ಳೆಯ ಚರ್ಚೆಯೂ ನಡೆಯುತ್ತದೆ. ಕೋಡಗವನ್ನು ಅದಾದ ಮೇಲೆ ಮುಟ್ಟಿ. ಕಾರ್ಯಕ್ರಮದಲ್ಲಿ ಹಾಡುವ ಮೊದಲು ಅರ್ಥ ಹೇಳಬೇಕಾಗಿ ಬಂದರೆ, ಮಣ್ಣಿನ ಮಾಳಿಗೆ ಹೇಗಿರುತ್ತದೆ ಮತ್ತು ಹುಬ್ಬಿ ಮಳೆ ಯಾವಾಗ ಬರುತ್ತದೆ ಎಂಬಷ್ಟನ್ನು ಎರಡು ನಿಮಿಷದಲ್ಲಿ ಹೇಳಿ ತಂಬೂರಿ ಹಿಡಿಯಿರಿ. ಉಳಿದದ್ದನ್ನು ಹಾಡಿನ ನಂತರ ಕೇಳಲು ಬಂದವರ ಜೊತೆ ಕುಳಿತು ಮಾತನಾಡಬಹುದು.